ಗದ್ದೆಯ ಗಾಳಿ ಹಿಡಿದು ಲ್ಯಾಬ್‌ಗೆ ಮುಟ್ಟಿಸುವಷ್ಟರಲ್ಲಿ

ನನ್ನ ಎಂಎಸ್ಸಿ ಪ್ರಬಂಧ ಕೊನೆಗೂ ಬೈಂಡ್ ಆಯಿತು. ವೈವಾ ಕೂಡ ಮುಗಿಯಿತು. ವಿಷಯ, ಮಲೆನಾಡಿನ ಮಣ್ಣಿನಿಂದ ಹೊರಬರುವ ಮೀಥೇನ್, ಅಂದರೆ ಭೂಮಿಯ ಬಿಸಿ ಏರಿಸುವ ಒಂದು ಅನಿಲ. ಇದೇ ಕೆಲಸಕ್ಕೆ ಇಳಿಯಲಿರುವ ಜೂನಿಯರ್‌ಗಳು ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಡಬ್ಬಿ ಎಲ್ಲಿ ಮಾಡಿಸಿದ್ರಿ ಅಕ್ಕಾ, ಸ್ಯಾಂಪಲ್ ಹೇಗೆ ಕಳಿಸಿದ್ರಿ, ಎಷ್ಟು ಖರ್ಚಾಯ್ತು? ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಪ್ರಬಂಧದಲ್ಲಿ ಇದ್ಯಾವುದೂ ಸಿಗುವುದಿಲ್ಲ. ಅಲ್ಲಿರುವುದು 'ಅನಿಲ ಮಾದರಿಗಳನ್ನು ಸಂಗ್ರಹಿಸಿ ವಿಶ್ಲೇಷಿಸಲಾಯಿತು' ಅನ್ನುವ ಒಂದೇ ಸಾಲು.

ಮೊದಲು ನಾನು ಕೇಳಿಕೊಂಡ ವಿಷಯವೇ ಬೇರೆ ಇತ್ತು. ಭೂಮಿಯ ಒಳಗಿನ ಶಾಖ ಮೇಲಕ್ಕೆ ಬರುವ ಜಾಗಗಳಲ್ಲಿ ಮಣ್ಣು ಎಷ್ಟು ಮೀಥೇನ್ ಬಿಡುತ್ತದೆ ಅನ್ನುವುದು. ಸಿಸಿಲಿಗೂ ಟುನೀಶಿಯಾಕ್ಕೂ ನಡುವೆ ಪಾಂಟೆಲೇರಿಯಾ ಅಂತ ಇಟಲಿಯ ಒಂದು ಜ್ವಾಲಾಮುಖಿ ದ್ವೀಪವಿದೆ. ಅಲ್ಲಿ ಫವಾರಾ ಗ್ರಾಂಡೆ ಎಂಬ ಕಡೆ ನೆಲದಿಂದ ಬಿಸಿ ಹಬೆ ಏಳುತ್ತಲೇ ಇರುತ್ತದೆ. ಹಬೆಯ ಜೊತೆ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್, ಮೀಥೇನ್ ಎಲ್ಲ ಬರುತ್ತವೆ. ಹಬೆಕಿಂಡಿಯಿಂದ ನೇರವಾಗಿ ಬರುವ ಅನಿಲದಲ್ಲಿ ಮೀಥೇನ್ ಪಾಲು ಎಷ್ಟಿದೆ, ಪಕ್ಕದ ಮಣ್ಣನ್ನು ದಾಟಿ ಬರುವ ಅನಿಲದಲ್ಲಿ ಎಷ್ಟಿದೆ ಅಂತ ಸಂಶೋಧಕರು ಹೋಲಿಸಿ ನೋಡಿದರು. ಮಣ್ಣು ದಾಟಿ ಬಂದದ್ದರಲ್ಲಿ ಕಡಿಮೆ ಇತ್ತು. ನಡುದಾರಿಯಲ್ಲಿ ಬ್ಯಾಕ್ಟೀರಿಯಾಗಳು ಮೀಥೇನನ್ನು ತಿಂದುಬಿಟ್ಟಿದ್ದವು. ಇನ್ನೂ ಮೊದಲು, 2007ರಲ್ಲಿ, ನೇಪಲ್ಸ್ ಹತ್ತಿರದ ಸೋಲ್ಫತಾರ ಮತ್ತು ನ್ಯೂಜಿಲೆಂಡಿನ ಹೆಲ್ಸ್ ಗೇಟ್‌ನ ಬಿಸಿ ಮಣ್ಣಿನಲ್ಲಿ ವಿಚಿತ್ರವಾದ ಬ್ಯಾಕ್ಟೀರಿಯಾ ಸಿಕ್ಕಿದ್ದವು. ಪಿಎಚ್ 1ರ ಆಸುಪಾಸಿನ ಹುಳಿಯಲ್ಲಿ, ಕೈ ಇಡಲಾಗದ ಬಿಸಿಯಲ್ಲಿ, ಮೀಥೇನ್ ತಿಂದು ಬದುಕುವ ಜಾತಿ. ಓದಿದ ಮೇಲೆ ನನಗೆ ಬೇರೇನೂ ಬೇಡ ಅನ್ನಿಸಿತು.

ಗೈಡ್ ಒಂದೇ ಪ್ರಶ್ನೆ ಕೇಳಿದರು. "ಶಿವಮೊಗ್ಗದಲ್ಲಿ ಬಿಸಿನೆಲ ಎಲ್ಲಿದೆಯಮ್ಮಾ?"

ಇಲ್ಲ. ದೇಶದಲ್ಲಿ ಬೇಕಾದಷ್ಟು ಇವೆ. ಲಡಾಖಿನ ಪೂಗಾ ಕಣಿವೆ, ಹಿಮಾಚಲದ ಮಣಿಕರಣ್, ಛತ್ತೀಸ್‌ಗಢದ ತಾತಾಪಾನಿ. ನಮಗೆ ಹತ್ತಿರ ಅಂದರೆ ಘಟ್ಟ ಇಳಿದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥ. ಅಲ್ಲಿರುವುದು ಬೆಚ್ಚಗಿನ ನೀರು. ಹಬೆಯಾಡುವ ಮಣ್ಣು ಅಲ್ಲಿಲ್ಲ. ಲಡಾಖಿಗೆ ಹೋಗಿ ಬರುವಷ್ಟು ದುಡ್ಡು ನನ್ನ ವಿದ್ಯಾರ್ಥಿವೇತನದಲ್ಲಿ ಇರಲಿಲ್ಲ.

"ಜಾಗ ಬದಲಿಸು, ಪ್ರಶ್ನೆ ಹಾಗೇ ಇರಲಿ" ಅಂದರು ಗೈಡ್. "ನಿಮ್ಮ ಕಡೆ ಬಯಲುಗದ್ದೆಯ ಕೆಸರಲ್ಲಿ ಮೀಥೇನ್ ಹುಟ್ಟುತ್ತೆ. ಮೇಲಿನ ಗುಡ್ಡದ ಮಣ್ಣು ಗಾಳಿಯಲ್ಲಿರೋ ಮೀಥೇನನ್ನು ತಿನ್ನುತ್ತೆ. ಎರಡನ್ನೂ ಒಂದೇ ವಿಧಾನದಲ್ಲಿ ಅಳೆ." ವಿಧಾನವೂ ಅದೇ. ಜ್ವಾಲಾಮುಖಿ ಪ್ರದೇಶದಲ್ಲಿ ನೆಲದ ಮೇಲೆ ಡಬ್ಬಿ ಕವುಚಿ, ಒಳಗಿನ ಗಾಳಿ ಹೇಗೆ ಬದಲಾಗುತ್ತದೆ ಅಂತ ನೋಡುತ್ತಾರಲ್ಲ, ಭತ್ತದ ಗದ್ದೆಯಲ್ಲೂ ಅದನ್ನೇ ಮಾಡುವುದು.

ಜಾಗ ಹುಡುಕುವುದು ಸುಲಭ ಅಂದುಕೊಂಡಿದ್ದೆ. ಹೊಸನಗರ ತಾಲ್ಲೂಕಿನಲ್ಲಿ ಸೋದರಮಾವನ ಮನೆ ಇದೆ. ಕೆಳಗೆ ಬಯಲುಗದ್ದೆ, ನಡುವೆ ಅಡಿಕೆ ತೋಟ, ಮೇಲೆ ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಗುಡ್ಡ. ಒಂದೇ ಇಳಿಜಾರಿನಲ್ಲಿ ಮೂರು ತರದ ಮಣ್ಣು. ಕಾಡಿನ ಮಣ್ಣೇ ಬೇಕು ಅನ್ನುವವರಿಗೆ ಒಂದು ಮಾತು: ಅಭಯಾರಣ್ಯದೊಳಗೆ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ವಿಷಯ ಖಾತ್ರಿಯಾದ ದಿನವೇ ಅರ್ಜಿ ಹಾಕಿ. ನನಗೆ ಅಷ್ಟು ಕಾಯುವ ಸಮಯ ಇರಲಿಲ್ಲ. ಹಾಗಾಗಿ ಮಾವನ ಹಕ್ಕಿನ ಜಾಗದಲ್ಲೇ ಉಳಿದೆ.

ಮಾವ ಒಪ್ಪಿದರು. ಒಪ್ಪದೇ ಇದ್ದದ್ದು ಊರು. ಗದ್ದೆಯಲ್ಲಿ ಅಳತೆ ಹಿಡಿದು ಗೂಟ ನೆಟ್ಟ ಮಾರನೇ ದಿನವೇ ಸುದ್ದಿ ಹಬ್ಬಿತು, ಗ್ಯಾಸ್ ಹುಡುಕೋಕೆ ಬಂದಿದ್ದಾರಂತೆ ಅಂತ. ಪಕ್ಕದ ಗದ್ದೆಯವರು ಮಾವನನ್ನು ದಾರಿಯಲ್ಲೇ ತಡೆದು ಕೇಳಿದರು, "ಗ್ಯಾಸ್ ಸಿಕ್ರೆ ಜಾಗ ಸರ್ಕಾರ ತಗೊಳ್ತದಾ?" ನಗುವ ಪ್ರಶ್ನೆ ಅಲ್ಲ ಇದು. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಆಗ ಮುಳುಗಿದ ಊರುಗಳ ಜನರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈ ಕಡೆ ಯಾರಾದರೂ ಟೇಪು ಹಿಡಿದು ಬಂದರೆ ಜನ ಬೆಚ್ಚುವುದು ಸಹಜ. ಒಂದು ಸಂಜೆ ಮಾವನ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ, ಕಾಫಿ ಕೊಟ್ಟು, ಡಬ್ಬಿಯ ಚಿತ್ರ ತೋರಿಸಿದೆ. ಭೂಮಿ ಕೊರೆಯುವುದಿಲ್ಲ, ಸರ್ವೆ ನಂಬರ್ ಎಲ್ಲೂ ಬರೆಯುವುದಿಲ್ಲ ಅಂತ ಹೇಳಿದೆ. ಗೂಟ ನೆಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಅಡ್ಡದಾರಿಯಿಲ್ಲ.

ಇನ್ನು ಡಬ್ಬಿ. ರೆಡಿಮೇಡ್ ಉಪಕರಣ ಸಿಗುತ್ತದೆ, ಲಕ್ಷಗಳಲ್ಲಿ. ನಾನು ಶಿವಮೊಗ್ಗದಲ್ಲಿ ನೇಮ್‌ಪ್ಲೇಟ್ ಮಾಡುವ ಅಂಗಡಿಯವರ ಹತ್ತಿರ ಅಕ್ರಿಲಿಕ್ ಶೀಟಿನಲ್ಲಿ ಮಾಡಿಸಿದೆ. ಗಿಡ್ಡ ಡಬ್ಬಿಗೆ 2,000 ರೂಪಾಯಿಯ ಸುಮಾರು, ಎತ್ತರದ್ದಕ್ಕೆ ಅದರ ಎರಡರಷ್ಟು. ಗದ್ದೆಗೆ ಎತ್ತರದ ಡಬ್ಬಿಯೇ ಬೇಕು. ಯಾಕೆಂದರೆ ಕೆಸರಿನಲ್ಲಿ ಹುಟ್ಟಿದ ಮೀಥೇನ್ ಬಹುಪಾಲು ಮೇಲೆ ಬರುವುದು ಭತ್ತದ ಗಿಡದ ಒಳಗಿನ ಗಾಳಿ ಕೊಳವೆಗಳ ಮೂಲಕ. ಗಿಡ ಬಿಟ್ಟು ಬರೀ ನೀರಿನ ಮೇಲೆ ಡಬ್ಬಿ ಇಟ್ಟರೆ ಲೆಕ್ಕ ತೀರಾ ಕಡಿಮೆ ಬರುತ್ತದೆ. ಪೈರು ಬೆಳೆದಂತೆ ಡಬ್ಬಿಯ ಎತ್ತರವೂ ಬೆಳೆಯಬೇಕು. ಎರಡು ತುಂಡು ಮಾಡಿಸಿ, ಒಂದರ ಮೇಲೊಂದು ಕೂರುವ ಹಾಗೆ ಹೇಳಿ. ಬುಡಕ್ಕೆ ಲೋಹದ ಚೌಕಟ್ಟು ವೆಲ್ಡಿಂಗ್ ಶಾಪಿನಲ್ಲಿ ಆಗುತ್ತದೆ. ಅದರ ಸುತ್ತ ಒಂದು ಕಾಲುವೆ ಇರಬೇಕು. ಕಾಲುವೆಯಲ್ಲಿ ನೀರು ನಿಲ್ಲಿಸಿ ಡಬ್ಬಿ ಕೂರಿಸಿದರೆ ಗಾಳಿ ಆಚೀಚೆ ಹೋಗುವುದಿಲ್ಲ. ಒಳಗಿನ ಗಾಳಿ ಕಲಸಲು ಹಳೇ ಕಂಪ್ಯೂಟರಿನ ಫ್ಯಾನು, 12 ವೋಲ್ಟ್ ಬ್ಯಾಟರಿ. ಜೊತೆಗೊಂದು ಥರ್ಮಾಮೀಟರ್.

ನಾನು ಊಹಿಸಿರದ ಕಡೆ ಸಿಕ್ಕಿಬಿದ್ದದ್ದು ಮೆಡಿಕಲ್ ಶಾಪಿನಲ್ಲಿ. 50 ಎಂಎಲ್ ಸಿರಿಂಜು, ಡ್ರಿಪ್‌ಗೆ ಹಾಕುವ ಮೂರು ದಾರಿಯ ನಲ್ಲಿ, ಜೊತೆಗೆ ರಾಶಿ ಸೂಜಿ. ಕೌಂಟರಿನಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟೊಂದು ಯಾಕೆ?" ಅಂದರು. ಗದ್ದೆಯ ಗಾಳಿ ತೆಗೆಯೋಕೆ ಅಂದೆ. ಅದು ಕೇಳಿ ಅನುಮಾನ ಇನ್ನೂ ಜಾಸ್ತಿಯಾಯಿತು. ಕೊಡಲೇ ಇಲ್ಲ. ವಿಭಾಗದ ಲೆಟರ್‌ಹೆಡ್ಡಿನಲ್ಲಿ ಸೀಲು, ಸಹಿ ಹಾಕಿಸಿಕೊಂಡು ಹೋದ ಮೇಲೆ ಮಾತಿಲ್ಲದೆ ಕೊಟ್ಟರು. ಆ ಪತ್ರದ ನಾಲ್ಕೈದು ಪ್ರತಿ ಬ್ಯಾಗಿನಲ್ಲೇ ಇರಲಿ. ಮುಂದೆ ಬೇರೆ ಕಡೆಯೂ ಬೇಕಾಗುತ್ತದೆ.

ಗಾಳಿ ತುಂಬಲು 12 ಎಂಎಲ್ ಗಾಜಿನ ಬಾಟಲಿ, ದಪ್ಪ ರಬ್ಬರ್ ಮುಚ್ಚಳದ್ದು. ಮೊದಲು ಸಾರಜನಕ ಹಾಯಿಸಿ ತೊಳೆದು, ಆಮೇಲೆ ಲ್ಯಾಬಿನ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಎಳೆದು ಖಾಲಿ ಮಾಡಿ ಒಯ್ಯಬೇಕು. ಹೊಲದಲ್ಲಿ 20 ಎಂಎಲ್ ಗಾಳಿಯನ್ನು ಒತ್ತಿ ತುಂಬಬೇಕು. ಒತ್ತಡ ಜಾಸ್ತಿ ಇದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುವುದಿಲ್ಲ. ವಾರಗಳ ನಂತರ ಸೂಜಿ ಚುಚ್ಚಿದಾಗ ಸುಯ್ ಅಂತ ಸದ್ದು ಬಂದರೆ ಆ ಬಾಟಲಿ ಗಟ್ಟಿ ಅಂತ ಅರ್ಥ.

ಜುಲೈನಲ್ಲಿ ನೆಟ್ಟಿ ಮುಗಿದು, ಪೈರು ಹಸಿರಾಗುವ ಹೊತ್ತಿಗೆ ಕೆಲಸ ಶುರುವಾಯಿತು. ಕೆಸರಿಗೆ ಕಾಲಿಟ್ಟರೆ ತುಳಿತಕ್ಕೆ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆ ಡಬ್ಬಿಯೊಳಗೆ ಹೋದರೆ ಅವತ್ತಿನ ಲೆಕ್ಕ ಹಾಳು. ಪುಸ್ತಕಗಳಲ್ಲಿ ಮರದ ಹಲಗೆಯ ಕಟ್ಟೆ ಕಟ್ಟಿ ಅಂತ ಇರುತ್ತದೆ. ಮಾವ ಬಂದು ನೋಡಿ, "ಎಂತ ಮಾರಾಯ್ತಿ, ಇದಕ್ಕೆ ಹಲಗೆ ಯಾಕೆ?" ಅಂತ ಅಡಿಕೆ ದಬ್ಬೆಯಲ್ಲಿ ಅಂಚಿನಿಂದ ಚೌಕಟ್ಟಿನವರೆಗೆ ಸಂಕ ಹಾಕಿಸಿಕೊಟ್ಟರು. ಖರ್ಚು ಸೊನ್ನೆ. ಆದರೆ ಮಳೆಯಲ್ಲಿ ದಬ್ಬೆ ಪಾಚಿಗಟ್ಟಿ ಜಾರುತ್ತದೆ. ಮೇಲೆ ಗೋಣಿ ಸುತ್ತಿ.

ಕಳೆ ತೆಗೆಯಲು ಬಂದಿದ್ದ ಒಬ್ಬ ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿದರು. "ಕೆಸರು ತುಳಿದ್ರೆ ಗುಳುಗುಳು ಅಂತದಲ್ಲ, ಅದೇ ಗಾಳಿಯಾ ಅಮ್ಮಾ?" ಅದೇ ಗಾಳಿ. 1776ರಲ್ಲಿ ಅಲೆಸ್ಸಾಂಡ್ರೋ ವೋಲ್ಟಾ ಇಟಲಿಯ ಮಾಜ್ಜೋರೆ ಸರೋವರದ ಅಂಚಿನಲ್ಲಿ ಕೆಸರು ಕೆದಕಿ, ಮೇಲೆ ಬಂದ ಗುಳ್ಳೆಯನ್ನು ಬಾಟಲಿಗೆ ಹಿಡಿದು, ಅದು ಉರಿಯುತ್ತದೆ ಅಂತ ತೋರಿಸಿದ್ದು. ಅಜ್ಜಿಗೆ ಅಷ್ಟನ್ನೂ ಹೇಳಿದೆ. "ಹಂಗಾದ್ರೆ ಒಲೆಗಾಗ್ತದೆ" ಅಂದರು. ನನ್ನ ವೈವಾದಲ್ಲಿ ಯಾರೂ ಇಷ್ಟು ಬೇಗ ವಿಷಯಕ್ಕೆ ಬರಲಿಲ್ಲ.

ಗಾಳಿ ತೆಗೆಯುವುದು ಬೆಳಿಗ್ಗೆ 9ರಿಂದ 11ರೊಳಗೆ. ಇಡೀ ದಿನದ ಸರಾಸರಿಗೆ ಆ ಹೊತ್ತು ಹತ್ತಿರ ಅಂತ ಎಲ್ಲರೂ ಅದನ್ನೇ ಪಾಲಿಸುತ್ತಾರೆ. ಡಬ್ಬಿ ಮುಚ್ಚಿದ ಕೂಡಲೇ ಒಂದು, ಆಮೇಲೆ 10, 20, 30 ನಿಮಿಷಕ್ಕೆ ಒಂದೊಂದು. ಒಂದು ಚೌಕಟ್ಟಿಗೆ 4 ಬಾಟಲಿ. ಮಾವನ ಮಗ ಗಡಿಯಾರ ಹಿಡಿದು ಕೂಗುತ್ತಿದ್ದ, ನಾನು ಸಿರಿಂಜು ಎಳೆಯುತ್ತಿದ್ದೆ. ಕೊಪ್ಪೆಯಿಂದ ಇಳಿಯುವ ನೀರು, ಕಾಲಿಗೆ ಉಂಬಳ, ಒದ್ದೆ ಕೈಯಲ್ಲಿ ಲೇಬಲ್. ಸ್ಕೆಚ್ ಪೆನ್ನು ಉಳಿಯುವುದಿಲ್ಲ. ಪೆನ್ಸಿಲಿನಲ್ಲಿ ಬರೆದು ಮೇಲೆ ಟೇಪು ಹಚ್ಚಿ.

ಗದ್ದೆಯಲ್ಲಿ ನನ್ನ ದೊಡ್ಡ ಶತ್ರು ಏಡಿ. ಚೌಕಟ್ಟಿನ ಅಡಿಯಿಂದ ಬಿಲ ಕೊರೆದು ಆಚೆಗೆ ದಾರಿ ಮಾಡುತ್ತಿತ್ತು. ಬ್ಯಾಣದಲ್ಲಿ ಕಾಡುಹಂದಿ ರಾತ್ರಿ ಬಂದು ಚೌಕಟ್ಟನ್ನೇ ಕಿತ್ತೆಸೆದಿತ್ತು. ಕಿತ್ತ ಜಾಗದಲ್ಲಿ ಮತ್ತೆ ಊರಿದರೆ ಮಣ್ಣು ಕದಡಿರುತ್ತದೆ. ಒಂದಷ್ಟು ದಿನ ಹಾಗೇ ಬಿಟ್ಟು ಆಮೇಲೆ ಅಳೆಯಬೇಕು. ಈ ಕಾಯುವಿಕೆಯನ್ನು ನಿಮ್ಮ ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ. ಮಲೆನಾಡಿನಲ್ಲಿ ಹಂದಿ ಬಾರದ ಬ್ಯಾಣ ಇಲ್ಲ.

ಹೊಲದ ಕಷ್ಟ ಇಷ್ಟೇ. ನಿಜವಾದ ಪೀಕಲಾಟ ಬಾಟಲಿ ತುಂಬಿದ ಮೇಲೆ.

ಗಾಳಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ನನಗೆ ಸಿಕ್ಕಿದ್ದು ಬೇರೆ ಊರಿನ ಒಂದು ಲ್ಯಾಬಿನಲ್ಲಿ. ಕೊರಿಯರ್ ಆಫೀಸಿಗೆ ಪೆಟ್ಟಿಗೆ ಒಯ್ದೆ. ಒಳಗೆ ಏನು ಅಂತ ಕೇಳಿದರು. ಗ್ಯಾಸ್ ಸ್ಯಾಂಪಲ್ ಅಂದೆ. ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಅದರೊಳಗೆ ಇರುವ ಮೀಥೇನ್ ಹತ್ತು ಲಕ್ಷದಲ್ಲಿ ಕೆಲವೇ ಭಾಗ, ನೀವು ಉಸಿರಾಡುವ ಗಾಳಿಯೇ ಸ್ವಾಮಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನಾನೇ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಹೋದೆ. ಪ್ರತಿ ಸಲವೂ ಹಾಗೇ ಮಾಡಿದೆ. ಬಸ್ ಚಾರ್ಜನ್ನು ಬಜೆಟ್ಟಿನಲ್ಲಿ ಬರೆದಿಡಿ.

ಲ್ಯಾಬಿನಲ್ಲಿ ಸ್ಯಾಂಪಲ್ಲಿಗೆ 250 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕಡಿಮೆ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಮೂರು ಜಾಗ, ಜಾಗಕ್ಕೆ ಮೂರು ಚೌಕಟ್ಟು, ಚೌಕಟ್ಟಿಗೆ 4 ಬಾಟಲಿ. ಒಂದು ಬೆಳಗಿಗೆ 36 ಬಾಟಲಿ, ತೆರಿಗೆ ಸೇರಿ 10,620 ರೂಪಾಯಿ. ವಾರಕ್ಕೊಮ್ಮೆ ಅಳೆಯುವ ನನ್ನ ಆಸೆ ಅಲ್ಲಿಗೇ ನಿಂತಿತು. ತೆಂಡೆ ಒಡೆಯುವಾಗ, ಹೊಡೆ ಬರುವಾಗ, ಗದ್ದೆಯ ನೀರು ಹೊರಬಿಟ್ಟ ಮೇಲೆ ಅಂತ ಮುಖ್ಯ ಹಂತಗಳನ್ನಷ್ಟೇ ಇಟ್ಟುಕೊಂಡೆ.

ಹಣ ಮುಂಗಡ ಕಟ್ಟಬೇಕು. ಕಟ್ಟಿದ ಮೇಲೆ ಸರದಿ. ನನ್ನ ಸರದಿ ಬಂದಾಗ ಯಂತ್ರದ ಜ್ವಾಲೆಗೆ ಬೇಕಾದ ಹೈಡ್ರೋಜನ್ ಸಿಲಿಂಡರ್ ಖಾಲಿ. ಅದು ಬಂದಾಗ, ಯಂತ್ರವನ್ನು ತಾಳೆ ನೋಡುವ ಪ್ರಮಾಣ ಅನಿಲದ ಅವಧಿ ಮುಗಿದಿತ್ತು. ಫೋನ್ ಮಾಡಿದರೆ "ಮುಂದಿನ ವಾರ ನೋಡೋಣ ಮೇಡಂ." ಆ ಮುಂದಿನ ವಾರ ದೀಪಾವಳಿ ದಾಟಿ ಹೋಯಿತು. ಬಾಟಲಿಗಳು ಅಲ್ಲಿ ಕಪಾಟಿನಲ್ಲಿ, ನಾನು ಇಲ್ಲಿ ಅವು ಸೋರುತ್ತಿವೆಯೋ ಏನೋ ಅಂತ ನಿದ್ದೆಗೆಟ್ಟು. ಅಳುವೇ ಬರುತ್ತಿತ್ತು. ದುಡ್ಡು ಕಟ್ಟುವ ಮೊದಲು ಮೂರು ವಿಷಯ ಕೇಳಿ: ಸಿಲಿಂಡರ್ ಇದೆಯಾ, ಪ್ರಮಾಣ ಅನಿಲ ಯಾವ ಅಳತೆಯದ್ದು, ಅದರ ಅವಧಿ ಯಾವಾಗ ಮುಗಿಯುತ್ತದೆ. ನಮ್ಮ ಹೊರಗಿನ ಗಾಳಿಯಲ್ಲಿ ಮೀಥೇನ್ ಇರುವುದು 1.9 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 1.9 ಭಾಗದ ಆಸುಪಾಸು. ಅವರ ಹತ್ತಿರ ಬರೀ 100 ಪಿಪಿಎಂ ಪ್ರಮಾಣ ಅನಿಲ ಇದ್ದರೆ ಬ್ಯಾಣದ ಸ್ಯಾಂಪಲ್‌ಗೆ ಅದು ಉಪಯೋಗವಿಲ್ಲ. ಮಣ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಫಲಿತಾಂಶ ಬಂತು. ಗದ್ದೆಯದ್ದು ಚೆನ್ನಾಗಿತ್ತು, ನಿಮಿಷ ಕಳೆದಂತೆ ಏರುತ್ತಾ ಹೋಗಿತ್ತು. ಬ್ಯಾಣದ ಸಾಲುಗಳ ಎದುರು ಮಾತ್ರ ಕೆಂಪು ಪೆನ್ನಿನಲ್ಲಿ 'ಲೀಕ್' ಅಂತ ಬರೆದಿದ್ದರು. ಯಾಕೆಂದರೆ ಅಲ್ಲಿ ಮೀಥೇನ್ ಕಡಿಮೆಯಾಗುತ್ತಾ ಹೋಗಿತ್ತು. ಹೊಸ ಸ್ಯಾಂಪಲ್ ತನ್ನಿ, ಹೊಸದಾಗಿ ಹಣ ಕಟ್ಟಿ ಅಂದರು.

ಇಲ್ಲಿ ಪಾಂಟೆಲೇರಿಯಾ ನನ್ನ ಕೈ ಹಿಡಿಯಿತು. ಬಾಟಲಿ ಸೋರಿದರೆ ಒಳಗೆ ಬರುವುದು ಹೊರಗಿನ ಗಾಳಿ. ಆಗ ಲೆಕ್ಕ 1.9ರ ಕಡೆಗೆ ಬರಬೇಕು. ಅದಕ್ಕಿಂತ ಕೆಳಗೆ ಇಳಿಯಲು ಸೋರಿಕೆಯಿಂದ ಸಾಧ್ಯವೇ ಇಲ್ಲ. ಅಲ್ಲಿನ ಬಿಸಿಮಣ್ಣಿನಂತೆ ಇಲ್ಲೂ ಮಣ್ಣು ತಿಂದಿದೆ. ಇದನ್ನು ಹೇಳಿದಾಗ ಅವರು ಇನ್ನೊಂದು ಅನುಮಾನ ಎತ್ತಿದರು. ಬಾಟಲಿ ತೊಳೆದ ಸಾರಜನಕ ಒಳಗೇ ಉಳಿದು ಗಾಳಿ ತೆಳುವಾಗಿರಬಹುದಲ್ಲ? ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಪೆಟ್ಟಿಗೆಯಲ್ಲೇ ಇತ್ತು. ಗೈಡ್ ಹೇಳಿದ್ದಂತೆ ಪ್ರತಿ ಸಲ ಡಬ್ಬಿಯ ಹೊರಗಿನ ಬರೀ ಗಾಳಿಯನ್ನೂ ಕೆಲವು ಬಾಟಲಿಗೆ ತುಂಬಿದ್ದೆ. ಅವು ಸರಿಯಾಗಿ 1.9ರ ಹತ್ತಿರ ಓದಿದ್ದವು. ಜೊತೆಗೆ, ಇಳಿಕೆ 0, 10, 20, 30 ನಿಮಿಷಕ್ಕೆ ಸಾಲಾಗಿ ಇತ್ತು. ಕೆಟ್ಟ ಬಾಟಲಿಗಳು ಹಾಗೆ ಶಿಸ್ತಾಗಿ ಕೆಡುವುದಿಲ್ಲ. ಲ್ಯಾಬಿನವರು ಕೆಂಪು ಗೆರೆ ತೆಗೆದು ವರದಿ ಮತ್ತೆ ಪ್ರಿಂಟ್ ಮಾಡಿ ಕೊಟ್ಟರು. ಹೊರಗಿನ ಗಾಳಿಯ ಬಾಟಲಿಗೆ ದುಡ್ಡು ದಂಡ ಅಂತ ಬಿಡಬೇಡಿ. ನನ್ನ ಅರ್ಧ ಪ್ರಬಂಧ ಉಳಿದಿದ್ದು ಅದರಿಂದ.

ಅಡಿಕೆ ತೋಟ ಎರಡರ ನಡುವೆ ಬಂತು. ಮರದ ಬುಡದ ದಿಬ್ಬ ತಿನ್ನುತ್ತಿತ್ತು, ನೀರು ನಿಂತ ಬಸಿಗಾಲುವೆ ಬಿಡುತ್ತಿತ್ತು. ಎರಡು ಹೆಜ್ಜೆ ಅಂತರದಲ್ಲಿ ಲೆಕ್ಕದ ಚಿಹ್ನೆಯೇ ಬದಲು. 'ಅಡಿಕೆ ತೋಟದ ಮೀಥೇನ್ ಇಷ್ಟು' ಅಂತ ಒಂದೇ ಸಂಖ್ಯೆ ಕೊಡುವವರನ್ನು ನಾನಂತೂ ಇನ್ನು ನಂಬುವುದಿಲ್ಲ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು, ಗದ್ದೆಯ ಮೀಥೇನ್ ಕಡಿಮೆ ಮಾಡುವುದು ಹೇಗೆ ಅಂತ. ಎಲ್ಲರೂ ಹೇಳುವ ಉತ್ತರ ಇದೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ, ನೀರು ಕಟ್ಟಿ ಒಣಗಿಸುವ ಪದ್ಧತಿ. ತೂತು ಕೊರೆದ ಪೈಪು ಹುಗಿದು, ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ನೀರು ಕಟ್ಟುವುದು. ಮಣ್ಣಿಗೆ ಗಾಳಿ ಸಿಕ್ಕರೆ ಮೀಥೇನ್ ಹುಟ್ಟುವುದು ಕಡಿಮೆ, ತಿನ್ನುವುದು ಜಾಸ್ತಿ. ಚಾನೆಲ್ ನೀರಿನ ಭದ್ರಾ ಅಚ್ಚುಕಟ್ಟಿನಲ್ಲಿ ಮಾಡಬಹುದು. ಬಯಲುಗದ್ದೆಗೆ ಗುಡ್ಡದಿಂದ ನೀರು ಒಸರುತ್ತಲೇ ಇರುತ್ತದೆ. ಮಾವನಿಗೆ ಈ ಪದ್ಧತಿ ವಿವರಿಸಿದಾಗ ಅವರು ಕೇಳಿದ್ದನ್ನೇ ನಾನು ಪರೀಕ್ಷಕರಿಗೂ ಹೇಳಿದೆ: "ಆಷಾಢದಲ್ಲಿ ಗದ್ದೆ ಒಣಗ್ಸು ಅಂದ್ರೆ ಮಳೆಗೆ ಯಾರು ಹೇಳೋದು?" ಪರೀಕ್ಷಕರು ನಕ್ಕರು. ಆಮೇಲೆ, ಒಣಗಿಸಿದಾಗ ಭೂಮಿಯ ಬಿಸಿ ಏರಿಸುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡ್ ಜಾಸ್ತಿಯಾಗಬಹುದು, ಅದನ್ನೂ ಅಳೆಯಬೇಕಿತ್ತು ಅಂದರು. ಅದಕ್ಕೆ ಯಂತ್ರದಲ್ಲಿ ಬೇರೆ ಡಿಟೆಕ್ಟರ್ ಬೇಕು, ಬೇರೆ ಶುಲ್ಕ. ಶುರುವಿನಲ್ಲೇ ಕೇಳಿಕೊಂಡರೆ ಅದೇ ಬಾಟಲಿಯಲ್ಲಿ ಎರಡೂ ಆಗುತ್ತದೆ.

ಈ ಮಳೆಗಾಲಕ್ಕೆ ಹೊರಡುವವರು ಜನವರಿಯಲ್ಲೇ ಲ್ಯಾಬಿಗೆ ಪತ್ರ ಬರೆಯಿರಿ, ಬಾಟಲಿಗಳನ್ನು ಮಾರ್ಚ್ ಒಳಗೆ ತರಿಸಿ. ಡಬ್ಬಿಗಳು ನನ್ನ ಹತ್ತಿರ ಇವೆ, ಬೇಕಾದವರು ಒಯ್ಯಬಹುದು. ಒಂದರ ಮೂಲೆ ಸೀಳಿದೆ, ಸಿಲಿಕಾನ್ ಹಚ್ಚಿದರೆ ನಡೆಯುತ್ತದೆ. ಅಂಗಡಿಯ ಬಿಲ್ಲುಗಳನ್ನು ಮಾತ್ರ ಜಿಎಸ್‌ಟಿ ನಂಬರ್ ಸಮೇತ ತೆಗೆದುಕೊಳ್ಳಿ. ವೆಲ್ಡಿಂಗ್ ಶಾಪಿನವರು ಕೊಟ್ಟ ಚೀಟಿ ಲೆಕ್ಕಪತ್ರ ವಿಭಾಗದಿಂದ ನನಗೆ ಮತ್ತೆ ವಾಪಸ್ ಬಂದಿದೆ. ನಾಳೆ ಪುನಃ ಹೋಗಬೇಕು.